ಕಾವೇರಿ ಮೀನಿನ ಲೆಕ್ಕದ ಪುಸ್ತಕ

ಮುಂಬಯಿ, ಪುಣೆಗಳ ನಡುವೆ ಓಡಾಡುವ ನಮಗೆ ಲೋಣಾವಳ ಎಂದರೆ ಚಿಕ್ಕಿ, ಮಳೆ ಮತ್ತು ಘಾಟು. ಆ ಊರಿಗೂ ನಮ್ಮ ಕಾವೇರಿಗೂ ಮೀನಿನ ಮೂಲಕ ಒಂದು ನಂಟುಂಟು ಎಂಬುದನ್ನು ಬಲ್ಲವರು ವಿರಳ.

ಕಾವೇರಿಯ ಗೂನುಬೆನ್ನಿನ ಮಹಶೀರ್ ಒಂದು ಕಾಲಕ್ಕೆ ಜಗತ್ಪ್ರಸಿದ್ಧವಾಗಿತ್ತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ 120 ಪೌಂಡ್ ತೂಕದ ಮೀನು ಸಿಕ್ಕಿತ್ತು. ಮುಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಹಾವಳಿ ಹೆಚ್ಚಿತು. 1972ರಲ್ಲಿ ಬೆಂಗಳೂರಿನ ಕೆಲವು ಹವ್ಯಾಸಿಗಳು ದಕ್ಷಿಣ ಭಾರತ ವನ್ಯಜೀವಿ ಸಂಘವನ್ನು ಕಟ್ಟಿದರು. ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುವ ಪದ್ಧತಿ ಬಂತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹಳ್ಳಿಗರಲ್ಲಿ ಕೆಲವರು ತಾವೇ ಕಾವಲುಗಾರರಾದರು.

ಅದೇ ಕಾವೇರಿಯ ದಡದಲ್ಲಿ, ಸಂಗಮದ ಸಮೀಪದ ಗಾಳಿಬೋರೆ ಶಿಬಿರದಲ್ಲಿ, ಗಾಳ ಹಾಕಿದ ಹೊತ್ತು, ಸಿಕ್ಕ ಮೀನು, ಅದರ ತೂಕ ಎಲ್ಲವನ್ನೂ ಬರೆದಿಡುತ್ತಿದ್ದರು. 1998ರಿಂದ 2012ರವರೆಗೆ 23,620 ಗಂಟೆಗಳ ದುಡಿಮೆಯಲ್ಲಿ 6,161 ಮಹಶೀರ್‌ಗಳ ಲೆಕ್ಕ ಅದರಲ್ಲಿ ಕೂಡಿತು. ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಇತ್ತು. ಇನ್ನೇನು ಬೇಕು?

ಆದರೆ ವಿಜ್ಞಾನಿಗಳು ಈ ಲೆಕ್ಕವನ್ನು ಜಾತಿವಾರು ಬಿಡಿಸಿ 2015ರಲ್ಲಿ ಪ್ರಕಟಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಗೂನುಬೆನ್ನಿನದು ವರ್ಷವರ್ಷಕ್ಕೂ ಕಡಿಮೆಯಾಗುತ್ತಿತ್ತು. ಸಿಕ್ಕವುಗಳ ಸರಾಸರಿ ತೂಕ ಮಾತ್ರ ಏರುತ್ತಿತ್ತು. ಅಂದರೆ ಮರಿಗಳೇ ಇಲ್ಲ. ಮನೆಯಲ್ಲಿ ಮುದುಕರಷ್ಟೇ ಉಳಿದು, ತೊಟ್ಟಿಲು ಕಟ್ಟುವುದೇ ನಿಂತಂತೆ!

ನೀಲಿ ರೆಕ್ಕೆಯದು ಕೃಷ್ಣಾ ನದಿಯ ಕಡೆಯ ಮೀನು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಸಾಕಿದ ಮರಿಗಳನ್ನು, ಮಹಶೀರ್ ಕುಲ ಉಳಿಯಲೆಂಬ ಸದುದ್ದೇಶದಿಂದಲೇ, ಕಾವೇರಿಗೂ ಬಿಟ್ಟಿದ್ದರು. ಬಂದ ನೆಂಟ ಮನೆಯೊಡೆಯನನ್ನೇ ಮೂಲೆಗೊತ್ತಿದನೆಂದು ಪರಿಣತರ ಶಂಕೆ.

ಆ ಮೂಲ ಮೀನಿಗೆ ಒಂದು ಖಚಿತವಾದ ಶಾಸ್ತ್ರೀಯ ಹೆಸರೂ ಇರಲಿಲ್ಲ. 2018ರಲ್ಲಿ ಅದು ‘ಟಾರ್ ರೆಮಾದೇವಿ’ ಎಂದು ಗುರುತಾಯಿತು. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರು ಬಂದಾಗ ಹೆಸರಿನವರೇ ವಿರಳ.

ಕಚೇರಿಯಲ್ಲಿ ಒಟ್ಟು ಮೊತ್ತ ಸರಿಹೊಂದಿದರೆ ಕಡತ ಕಟ್ಟಿಡುವವರು ನಾವು. ಗಾಳಿಬೋರೆಯ ಪುಸ್ತಕ ನಮಗೆ ಕಲಿಸುವುದಿಷ್ಟು: ಮೊತ್ತವನ್ನು ನಂಬಿ ಕೂರಬಾರದು, ಒಂದೊಂದು ಕಲಮನ್ನೂ ಓದಬೇಕು. ಆದರೆ ಓದಲು ಮೊದಲು ಯಾರಾದರೂ ಬರೆದಿಟ್ಟಿರಬೇಕಲ್ಲ! ಹಾಗೆ ತಪ್ಪದೆ ಬರೆದಿಟ್ಟವರಿಗೆ ನಾವು ಋಣಿಗಳು.