ಕೋತಿಯ ಕೆನ್ನೆಚೀಲ: ಮೇಲುಕೋಟೆ ಸೀಮೆಯ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ನಮ್ಮ ಊರುಕೇರಿಗಳ ಕೋತಿಯ, ಅಂದರೆ ಮಕಾಕ ರೇಡಿಯಾಟದ ಕೆನ್ನೆಚೀಲದಲ್ಲೇ ಪಿಷ್ಟ ಒಡೆಯತೊಡಗುತ್ತದೆ ಎಂದು ರಹಮಾನ್, ಶ್ರೀಹರಿ ಮತ್ತು ಕೃಷ್ಣಮೂರ್ತಿ 1975ರಲ್ಲಿ ‘ಪ್ರೈಮೇಟ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಆ ಫಲಿತಾಂಶದ ಬಗ್ಗೆ ನನಗೆ ತಕರಾರಿಲ್ಲ. ಅದರ ಆಧಾರದಿಂದ ಚೀಲ ಹುಟ್ಟಿದ್ದೇ ಜೀರ್ಣಕ್ರಿಯೆಗಾಗಿ ಎಂದು ತೀರ್ಮಾನಿಸುವುದನ್ನು ಮಾತ್ರ ಒಪ್ಪಲಾರೆ.

ಎಲ್ಲರೂ ಒಪ್ಪಿರುವ ಸಂಗತಿಗಳು ಇಷ್ಟು. ಮುಸುವನಿಗೆ ಕೆನ್ನೆಚೀಲವಿಲ್ಲ, ಅದರ ಹೊಟ್ಟೆ ಹಲವು ಕೋಣೆಗಳದು, ಎಲೆಯನ್ನು ಅಲ್ಲಿನ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ. ಕೋತಿಯದು ಸರಳ ಹೊಟ್ಟೆ. ಹಣ್ಣು, ಬೀಜ, ಚಿಗುರು, ಹುಳು ಎಲ್ಲವೂ ಅದಕ್ಕೆ ಆಹಾರ.

ಮುಸುವನಲ್ಲಿ ಚೀಲವೂ ಇಲ್ಲ, ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಕೂಡ ಹೇಳಿಕೊಳ್ಳುವಷ್ಟಿಲ್ಲ. ಕೋತಿಯಲ್ಲಿ ಎರಡೂ ಇವೆ. ಚೀಲ ಜೀರ್ಣಕ್ರಿಯೆಗಾಗಿಯೇ ಹುಟ್ಟಿತೆಂಬ ವಾದಕ್ಕೆ ಇದು ಗಟ್ಟಿ ಬೆಂಬಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮನುಷ್ಯನ ಜೊಲ್ಲಿನಲ್ಲಿ ಅಮೈಲೇಸ್ ಧಾರಾಳವಾಗಿದೆ, ಚೀಲವಿಲ್ಲ. ಹಾಗಾಗಿ ಕಿಣ್ವವಿದ್ದಲ್ಲಿ ಚೀಲ ಇರಲೇಬೇಕೆಂದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಮುಖ್ಯ. ಕೋತಿಗಳ ಹಳೆಯ ಆಸರೆ ಆಲ, ಗೋಣಿ, ಅತ್ತಿ, ಬಸರಿ. ಇವುಗಳ ಮಾಗಿದ ಹಣ್ಣಿನಲ್ಲಿರುವುದು ಬಹುಮಟ್ಟಿಗೆ ಸರಳ ಸಕ್ಕರೆ. ಅಲ್ಲಿ ಅಮೈಲೇಸಿಗೆ ಕೆಲಸ ಕಡಿಮೆ. ಒಂದು ಮರದ ಹಣ್ಣು ಕೆಲವೇ ದಿನಗಳಲ್ಲಿ ಒಟ್ಟಿಗೆ ಮಾಗುತ್ತದೆ, ಇಡೀ ಗುಂಪು ಅದೇ ಕೊಂಬೆಗಳಿಗೆ ಮುಗಿಬೀಳುತ್ತದೆ. ಅಂಥ ಕಡೆ ಬಲಹೀನ ಪ್ರಾಣಿಗೆ ಬೇಕಾದದ್ದು ಬಾಚಿ ತುಂಬಿಕೊಂಡು ದೂರ ಹೋಗುವ ಉಪಾಯ. ಉಗಾಂಡದ ಬೇರೆ ಜಾತಿಯ ಮಂಗಗಳನ್ನು ಅಧ್ಯಯನ ಮಾಡಿದ ಜೊವಾನಾ ಲ್ಯಾಂಬರ್ಟ್ 2005ರಲ್ಲಿ ಪೈಪೋಟಿ ಮತ್ತು ಬೇಟೆಗಾರರ ಭಯ ಎಂಬ ಎರಡು ಕಾರಣಗಳನ್ನು ಚರ್ಚಿಸಿದ್ದಾರೆ. ನಾಯಿ ಅಟ್ಟಿಸಿಕೊಂಡು ಬರುವ ದೇವಸ್ಥಾನದ ಅಂಗಳದಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಕಷ್ಟ; ಬೇರ್ಪಡಿಸಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಹಾಗಾದರೆ 1975ರ ಸಾಕ್ಷ್ಯಕ್ಕೆ ಎಲ್ಲಿ ಜಾಗ? ನನ್ನ ಊಹೆ ಇದು: ಸಂಗ್ರಹಕ್ಕೆಂದು ರೂಪುಗೊಂಡ ಅಂಗಕ್ಕೆ ಮನುಷ್ಯನ ಅಡುಗೆ ಹೊಸದೊಂದು ಪ್ರಯೋಜನ ತಂದುಕೊಟ್ಟಿದೆ. ಹಸಿ ಪಿಷ್ಟದ ಕಣಗಳು ಅಮೈಲೇಸಿಗೆ ಸುಲಭವಾಗಿ ಬಗ್ಗುವುದಿಲ್ಲ, ಬೆಂದವು ಬಗ್ಗುತ್ತವೆ. ಮೇಲುಕೋಟೆಯಲ್ಲಿ ಭಕ್ತರ ಕೈಯಿಂದ ಕಸಿದ ಪುಳಿಯೋಗರೆ ಚೀಲ ಸೇರಿದರೆ, ಕೋತಿ ಬಂಡೆಯ ಮರೆ ಸೇರುವ ಹೊತ್ತಿಗೆ ಅನ್ನ ಸಕ್ಕರೆಯಾಗತೊಡಗಿರುತ್ತದೆ. ನಾಗಮಂಗಲ, ಕೃಷ್ಣರಾಜಪೇಟೆ ಕಡೆಯ ರಾಗಿ ಹೊಲದಲ್ಲಿ ಈ ಅನುಕೂಲ ಬಹುಶಃ ಇಲ್ಲ: ಹಾಲುಗಾಳಿನಲ್ಲಿ ಸಕ್ಕರೆಯೇ ಹೆಚ್ಚು, ಬಲಿತ ಕಾಳಿನ ಪಿಷ್ಟ ಹಸಿಯದು. ‘ಬಹುಶಃ’ ಎಂದದ್ದು ಬೇಕೆಂದೇ. ಪುಳಿಯೋಗರೆಯ ಬಗ್ಗೆ ಹೇಳಿದ್ದೂ ಖಚಿತವಲ್ಲ: ಹುಳಿಯಿರುವ ಕಡೆ ಅಮೈಲೇಸಿನ ಚುರುಕು ಕುಗ್ಗುತ್ತದೆ, ಪುಳಿಯೋಗರೆಗೆ ಹುಣಸೆಹುಳಿಯೇ ಜೀವ. ಅನ್ನ ಚೀಲದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಮನುಷ್ಯನ ಅಡುಗೆ ಕೋತಿಗೆ ಹೊಸದಾದ್ದರಿಂದ, ಕಾಲದ ದೃಷ್ಟಿಯಿಂದಲೂ ಈ ಪ್ರಯೋಜನವನ್ನು ವಿಕಾಸದ ಹೊಂದಾಣಿಕೆ ಎನ್ನಲಾಗದು. ಇದ್ದ ಅಂಗದ ಹೊಸ ಬಳಕೆ ಎನ್ನಬಹುದು, ಅಷ್ಟೆ.

ಈ ವಾದಕ್ಕೆ ಊರಿನ ಮಟ್ಟದಲ್ಲೂ ಬೆಲೆಯಿದೆ. ಕಾಡಿನಲ್ಲಿ ಮೇವು ತೀರಿದ್ದರಿಂದ ಕೋತಿ ಊರಿಗೆ ಬಂತು, ಮರಳಿ ಕಾಡಿಗೆ ಬಿಟ್ಟರೆ ಸರಿಹೋಗುತ್ತದೆ ಎಂದು ಈ ತಾಲ್ಲೂಕುಗಳಲ್ಲೂ ಹೇಳುವವರಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾಗಿದೆ: ಎಲ್ಲ ಬಗೆಯ ಕಾಡುಗಳಲ್ಲೂ ಈ ಕೋತಿ ವಿರಳ, ಅದರ ನೆಚ್ಚಿನ ನೆಲೆ ದೇವಸ್ಥಾನಗಳು ಮತ್ತು ಆಲದ ಜಾತಿಯ ಮರಗಳಿರುವ ರಸ್ತೆಬದಿ. ಮೈಸೂರು ಸೀಮೆಯ ಕೃಷಿ ಪ್ರದೇಶದ ರಸ್ತೆಬದಿಗಳಲ್ಲಿ 25 ವರ್ಷಗಳಲ್ಲಿ ಅದರ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಕುಸಿದಿದೆ. ಸಾಲುಮರ ಕಡಿದ ಮೇಲೆ ಉಳಿದ ಗುಂಪುಗಳಿಗೆ ಹಣ್ಣಿನ ಬದಲು ಅನ್ನವೇ ಗತಿಯಾಗುವುದು ಸಹಜ.

ಇತ್ಯರ್ಥವಾಗಬೇಕಾದ್ದು ಇನ್ನೂ ಇದೆ. ಅತ್ತಿ ಮಾಗುವ ಕಾಲದಲ್ಲಿ, ಮೇಲುಕೋಟೆಯ ವೈರಮುಡಿ ಜಾತ್ರೆಯಲ್ಲಿ, ರಾಗಿ ಕೊಯ್ಲಿನಲ್ಲಿ ಒಂದೇ ಸೀಮೆಯ ಗುಂಪುಗಳ ಚೀಲದಲ್ಲಿ ಏನು ಎಷ್ಟು ಹೊತ್ತು ನಿಲ್ಲುತ್ತದೆ, ಜೊಲ್ಲಿನ ಅಮೈಲೇಸ್ ಮಟ್ಟ ಹೇಗೆ ಏರಿಳಿಯುತ್ತದೆ ಎಂದು ಅಳೆಯಬೇಕು. ಪೈಪೋಟಿ ಇಲ್ಲದೆ ಒಂಟಿಯಾಗಿ ತಿನ್ನುವ ಕೋತಿಯೂ ಹಣ್ಣನ್ನು ಅಷ್ಟೇ ಆತುರದಿಂದ ಚೀಲಕ್ಕೆ ತುಂಬುತ್ತದೆ ಎಂದು ಕಂಡುಬಂದರೆ ನನ್ನ ವಾದದ ಮೊದಲ ಭಾಗವನ್ನು ತಿದ್ದಬೇಕಾಗುತ್ತದೆ.