ಗೆಲಿಲೇಯಿ

ಇಟಲಿಯ ಟಸ್ಕನಿ ಪ್ರಾಂತದ ಒಂದು ಮನೆತನದ ಹೆಸರು. ವಿಜ್ಞಾನಿ ಗೆಲಿಲಿಯೋ ಗೆಲಿಲೇಯಿಯಿಂದ (1564-1642) ಲೋಕಪ್ರಸಿದ್ಧವಾಯಿತು.

ಹೆಸರಿನ ಮೂಲ: ಫ್ಲಾರೆನ್ಸ್ ನಗರದ ಈ ಮನೆತನಕ್ಕೆ ಮೊದಲಿದ್ದ ಹೆಸರು ಬೊನಯೂತಿ. 15ನೆಯ ಶತಮಾನದಲ್ಲಿ ಗೆಲಿಲಿಯೋ ಬೊನಯೂತಿ ಎಂಬಾತ ವೈದ್ಯನಾಗಿ, ಅಧ್ಯಾಪಕನಾಗಿ, ನಗರಾಡಳಿತದಲ್ಲಿ ಭಾಗಿಯಾಗಿ ಕೀರ್ತಿ ಗಳಿಸಿದ. ವಂಶದವರು ಗೌರವದಿಂದ ಅವನ ಅಂಕಿತನಾಮವನ್ನೇ ಮನೆತನದ ಹೆಸರಾಗಿಸಿಕೊಂಡರು. ಗೆಲಿಲಿಯೋ ಎಂದರೆ ಬೈಬಲಿನ ಗಲಿಲಾಯ ಸೀಮೆಯವನು. ಗೆಲಿಲೇಯಿ ಅದರ ಬಹುವಚನ. ಹಿರಿಯ ಮಗನಿಗೆ ಮನೆತನದ ಹೆಸರಿನ ಏಕವಚನ ರೂಪವನ್ನೇ ಇಡುವ ವಾಡಿಕೆ ಟಸ್ಕನಿಯಲ್ಲಿತ್ತು. ವಿಜ್ಞಾನಿಯ ಹೆಸರಿನಲ್ಲಿ ಒಂದೇ ಪದ ಎರಡು ಸಲ ಬಂದಿರುವುದು ಇದರಿಂದಲೇ. ಡಾಂಟೆ, ಮೈಕೆಲೆಂಜೆಲೋರಂತೆ ಈತನೂ ಅಂಕಿತನಾಮದಿಂದಲೇ ಪರಿಚಿತ.

ಕುಟುಂಬ: ತಂದೆ ವಿನ್ಚೆಂಜೋ ಲ್ಯೂಟ್ ವಾದಕ, ಸಂಗೀತಶಾಸ್ತ್ರಜ್ಞ. ಸ್ವರವನ್ನು ತಾರಷಡ್ಜಕ್ಕೆ ಏರಿಸಲು ತಂತಿಗೆ ಎರಡಲ್ಲ, ನಾಲ್ಕು ಪಟ್ಟು ತೂಕ ಕಟ್ಟಬೇಕೆಂದು ಪ್ರಯೋಗದಿಂದ ತೋರಿಸಿದವ. ತಮ್ಮ ಮಿಕೆಲಾನ್ಯೊಲೋ ಕೂಡ ಲ್ಯೂಟ್ ವಾದಕ.

ವಿಜ್ಞಾನಿ: ಪೀಸಾದಲ್ಲಿ 1564ರ ಫೆಬ್ರವರಿ 15ರಂದು ಜನಿಸಿದ ಗೆಲಿಲಿಯೋ ವೈದ್ಯಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು ಗಣಿತದತ್ತ ಹೊರಳಿದ. 1592ರಿಂದ 1610ರವರೆಗೆ ಪಾದುವಾದಲ್ಲಿ ಪ್ರಾಧ್ಯಾಪಕನಾಗಿದ್ದ. ಅಲ್ಲಿ ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ, ಅವು ಸಾಗುವ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು ಕಂಡುಕೊಂಡ. 1609ರಲ್ಲಿ ದೂರದರ್ಶಕ ತಯಾರಿಸಿ, ಮರುವರ್ಷದ ಜನವರಿಯಲ್ಲಿ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡ. ಫ್ಲಾರೆನ್ಸಿನ ಅರಸು ಮನೆತನವಾದ ಮೆಡಿಚಿಯ ಹೆಸರನ್ನು ಅವಕ್ಕಿಟ್ಟು ಆಸ್ಥಾನದ ಪದವಿ ಪಡೆದ. ಆ ಹೆಸರು ಬಳಕೆಯಲ್ಲಿ ಉಳಿಯಲಿಲ್ಲ. ಇಂದು ಅವು ಗೆಲಿಲಿಯನ್ ಉಪಗ್ರಹಗಳು.

ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂಬ ಕೊಪರ್ನಿಕಸನ ವಾದವನ್ನು ಎತ್ತಿಹಿಡಿದ ಸಂವಾದಗ್ರಂಥ 1632ರಲ್ಲಿ ಪ್ರಕಟವಾಯಿತು. 1633ರ ಜೂನ್ 22ರಂದು ರೋಮಿನ ಧಾರ್ಮಿಕ ನ್ಯಾಯಮಂಡಲಿ ಆತನಿಂದ ಬಲವಂತವಾಗಿ ಆ ಮತವನ್ನು ತ್ಯಜಿಸುವ ಹೇಳಿಕೆ ಪಡೆಯಿತು. ಉಳಿದ ಬಾಳು ಬಹುಪಾಲು ಫ್ಲಾರೆನ್ಸ್ ಬಳಿಯ ಆರ್ಚೇತ್ರಿಯಲ್ಲಿ ಗೃಹಬಂಧನದಲ್ಲೇ ಕಳೆಯಿತು. ಚಲನೆಯ ಕುರಿತ ಕೊನೆಯ ದೊಡ್ಡ ಕೃತಿ 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾಯಿತು.

ಹೆಸರಿನ ಉಳಿವು: ವೇಗೋತ್ಕರ್ಷದ ಮಾನವಾದ 'ಗಾಲ್' (ಸೆಕೆಂಡಿನ ವರ್ಗಕ್ಕೆ 1 ಸೆಂಟಿಮೀಟರ್), 1995ರಲ್ಲಿ ಗುರುಗ್ರಹವನ್ನು ತಲಪಿದ ಅಮೆರಿಕದ ಗಗನನೌಕೆ ಈ ಹೆಸರನ್ನು ಹೊತ್ತಿವೆ. 1642ರಲ್ಲಿ ತೀರಿಕೊಂಡಾಗ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ ಆತನಿಗೆ ಸ್ಮಾರಕ ಕಟ್ಟಲು ಧರ್ಮಾಧಿಕಾರಿಗಳು ಒಪ್ಪಲಿಲ್ಲ. ಅಲ್ಲಿನ ಈಗಿನ ಸಮಾಧಿಗೆ ಅವಶೇಷಗಳನ್ನು ಸೇರಿಸಿದ್ದು 1737ರಲ್ಲಿ. ಮನೆತನಕ್ಕೆ ಹೆಸರು ಕೊಟ್ಟ ವೈದ್ಯನ ಸಮಾಧಿಶಿಲೆಯೂ ಅದೇ ಚರ್ಚಿನ ನೆಲಹಾಸಿನಲ್ಲಿದೆ.