ಒಂದು ಸಾಲು, ಮೂವರು ಅನುವಾದಕರು

'ವನ'ವು 'ಬನ'ವಾದುದನ್ನೂ 'ವೀಥಿ'ಯು 'ಬೀದಿ'ಯಾದುದನ್ನೂ ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ವಕಾರ ಬಕಾರಗಳ ಈ ನಂಟು ಕನ್ನಡಕ್ಕಷ್ಟೇ ಮೀಸಲಲ್ಲ. ಪೋರ್ಚುಗೀಸರ ಮಹಾಕಾವ್ಯದ ಮೊದಲ ಸಾಲಿನಲ್ಲಿಯೇ ಅದು ಇಂಗ್ಲಿಷ್ ಬಲ್ಲವರ ದಾರಿ ತಪ್ಪಿಸಲು ಕಾದು ಕುಳಿತಿದೆ.

ಆ ಕಾವ್ಯ 'ಓಸ್ ಲೂಸಿಯಾದಾಸ್'. ಕವಿ ಲುಯಿಸ್ ಡಿ ಕಮೋಯೆನ್ಸ್, 1553ರಲ್ಲಿ ಸಿಪಾಯಿಯಾಗಿ ಗೋವೆಗೆ ಬಂದಿಳಿದು, ಪೂರ್ವದೇಶಗಳಲ್ಲಿ ವರ್ಷಗಟ್ಟಲೆ ಅಲೆದವನು. 1572ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ ಈ ಕೃತಿಯ ವಸ್ತು 1497-98ರ ವಾಸ್ಕೋ ಡ ಗಾಮನ ಸಮುದ್ರಯಾನ. ಮೊದಲ ಸಾಲು ಆಯುಧಗಳನ್ನೂ ಹೆಸರಾಂತ ಪುರುಷರನ್ನೂ ಸ್ಮರಿಸುತ್ತದೆ. ರೋಮನ್ ಕವಿ ವರ್ಜಿಲ್ ತನ್ನ 'ಈನಿಯಡ್' ಅನ್ನು ಆಯುಧಗಳಿಂದಲೂ ಒಬ್ಬನೇ ಪುರುಷನಿಂದಲೂ ಆರಂಭಿಸಿದ್ದನು. ಕಮೋಯೆನ್ಸನು ಆ ಏಕವಚನವನ್ನು ಬಹುವಚನವಾಗಿಸಿದನು. ಇದು ಆಕಸ್ಮಿಕವಲ್ಲ, ಶೀರ್ಷಿಕೆಯೇ ಲೂಸುವಿನ ಸಂತತಿಯವರು, ಅಂದರೆ ಪೋರ್ಚುಗೀಸ್ ಜನ, ಎಂದು ಹೇಳುತ್ತದೆ.

ತೊಡಕಿರುವುದು 'ಪುರುಷರು' ಎಂಬಲ್ಲಿ. ಅಲ್ಲಿರುವ ಪದ 'ಬರಾಂವ್' ಎಂಬುದರ ಬಹುವಚನ. ನೋಡಿದೊಡನೆ ಇಂಗ್ಲಿಷಿನ 'ಬ್ಯಾರನ್' ನೆನಪಾಗುವುದು ಸಹಜ. ಇಂದಿನ ಪೋರ್ಚುಗೀಸಿನಲ್ಲಿ ಬರಾಂವ್ ಎಂದರೆ ಬಿರುದುಳ್ಳ ಶ್ರೀಮಂತ, ವರಾಂವ್ ಎಂದರೆ ಗಂಡಸು. ಕಮೋಯೆನ್ಸನ ಕಾಲದಲ್ಲಿ ಎರಡನೆಯದನ್ನೂ ಬಕಾರದಿಂದ ಬರೆಯುವುದಿತ್ತು. ಕವಿ ಹೊಗಳಿದ್ದು ಬಿರುದನ್ನೋ ಮನುಷ್ಯನನ್ನೋ ಎಂಬುದು ಈ ಒಂದು ಅಕ್ಷರದ ಮೇಲೆ ನಿಂತಿದೆ. ಗಾಮನ ಹಡಗುಗಳಲ್ಲಿ ಹಗ್ಗ ಎಳೆದವರೇನೂ ಜಹಗೀರುದಾರರಲ್ಲವಷ್ಟೆ! ಪುರುಷರಿಗಿರುವ ವಿಶೇಷಣದ ಮೂಲದಲ್ಲಿ 'ಗುರುತು' ಎಂಬ ಅರ್ಥದ ಪದವಿದೆ. ಗುರುತು ಪಡೆದವರು, ಎದ್ದು ಕಾಣುವವರು ಎಂದು ಭಾವ.

ಇಂಗ್ಲಿಷಿಗೆ ಇದನ್ನು ಮೊದಲು ತಂದವನು ಸರ್ ರಿಚರ್ಡ್ ಫ್ಯಾನ್‌ಷಾ, 1655ರಲ್ಲಿ. ರಾಜಪಕ್ಷದವನಾಗಿ 1651ರ ವುಸ್ಟರ್ ಕದನದಲ್ಲಿ ಸೆರೆಸಿಕ್ಕವನು. (ಎರಡನೆಯ ಚಾರ್ಲ್ಸನ ಮದುವೆಯ ಕಾರ್ಯವಾಗಿ ಮುಂದೆ ಲಿಸ್ಬನ್ನಿಗೆ ಹೋದವನೂ ಇವನೇ, ಮುಂಬಯಿ ಇಂಗ್ಲಿಷರಿಗೆ ಬಳುವಳಿಯಾಗಿ ದಕ್ಕಿದ್ದು ಆ ಮದುವೆಯಿಂದ.) ಅವನು 'ಬ್ಯಾರನ್' ಎಂಬ ಬಲೆಗೆ ಬೀಳದೆ ಮನುಷ್ಯರೆಂದೇ ಬರೆದನು. ಆದರೆ ಗುರುತು ಪಡೆದವರನ್ನು ಸಾಮಾನ್ಯರ ಸಾಲಿಗಿಂತ ಮೇಲಿನವರನ್ನಾಗಿಸಿದನು. ಬಾಗಿಲಲ್ಲಿ ತಡೆದ ಶ್ರೀಮಂತಿಕೆ ಕಿಟಕಿಯಿಂದ ಒಳಬಂದಿತು.

1776ರ ವಿಲಿಯಂ ಜೂಲಿಯಸ್ ಮಿಕಲ್ 'ವೀರರು' ಎಂದು ಬರೆದು, ವಿಶೇಷಣವನ್ನೇ ಕೈಬಿಟ್ಟು, ಆ ಜಾಗದಲ್ಲಿ ಲಿಸ್ಬನ್ನಿನ ಹೆಸರನ್ನು ಕೂರಿಸಿದನು. ಅವನಿಗೆ ಇದು ವಾಣಿಜ್ಯದ ಮಹಾಕಾವ್ಯ. ಈಸ್ಟ್ ಇಂಡಿಯಾ ಕಂಪನಿಯ ಕಾಲವಲ್ಲವೇ? ಒಂಬತ್ತನೆಯ ಸರ್ಗದಲ್ಲಿ ಮೂಲದಲ್ಲಿಲ್ಲದ ನೂರಾರು ಸಾಲುಗಳ ಕಾಳಗವನ್ನೇ ಸೇರಿಸಿದವನಿಗೆ ಒಂದು ವಿಶೇಷಣ ಯಾವ ಲೆಕ್ಕ!

ಗೋವೆಯನ್ನು ಕಣ್ಣಾರೆ ಕಂಡಿದ್ದ ರಿಚರ್ಡ್ ಬರ್ಟನ್ 1880ರಲ್ಲಿ ಹಳೆಯ ಕಾಲದ ಇಂಗ್ಲಿಷನ್ನು ಬೇಕೆಂದೇ ಬಳಸಿ ಅನುವಾದಿಸಿದನು. ವಿಶೇಷಣ ಮರಳಿತು, ಪುರುಷರು ಮಾತ್ರ ಒಂದು 'ಪಡೆ'ಯಾಗಿ ಕರಗಿಹೋದರು. ಆಯುಧ ಎಂಬ ಪದವೊಂದೇ ಮೂವರಿಗೂ ಸುಲಭವಾದದ್ದು. ಅದರ ಅರ್ಥವನ್ನು ನಮ್ಮ ಪಶ್ಚಿಮ ಕರಾವಳಿ ಯಾವ ಅನುವಾದವೂ ಇಲ್ಲದೆ ತಿಳಿದಿತ್ತು.

ನನ್ನ ಮಟ್ಟಿಗೆ ಮೂವರಲ್ಲಿ ಮೂಲಕ್ಕೆ ಹತ್ತಿರದವನು ಫ್ಯಾನ್‌ಷಾ. ಕನ್ನಡಕ್ಕೆ ತರುವುದಾದರೆ 'ಪುರುಷರು' ಸಪ್ಪೆ, 'ಮಹಾಪುರುಷರು' ಅತಿ. ನಮ್ಮಲ್ಲಿ 'ಕಲಿ' ಎಂಬ ಹಳೆಯ ಪದವಿದೆ. ಅದು ಕುಲವನ್ನು ಕೇಳುವುದಿಲ್ಲ. 'ಹೆಸರಾಂತ ಕಲಿಗಳು' ಎನ್ನಬಹುದೇನೋ.